ತೊಟ್ಟಿಯಲ್ಲಿ ಹಡಗು ಅಳೆದ ವಿಲಿಯಂ ಫ್ರೂಡ್

ಪಿಯುಸಿ ಭೌತಶಾಸ್ತ್ರದ ದ್ರವಗಳ ಅಧ್ಯಾಯದಲ್ಲಿ ಪಾಸ್ಕಲ್ ಬರುತ್ತಾರೆ, ಬರ್ನೂಲಿ ಬರುತ್ತಾರೆ, ಸ್ಟೋಕ್ಸ್ ಬರುತ್ತಾರೆ. ವಿಲಿಯಂ ಫ್ರೂಡ್ ಬರುವುದಿಲ್ಲ. ಹಡಗು ಕಟ್ಟುವವರ ಲೋಕದಲ್ಲಿ ಮಾತ್ರ ಅದು ಬಹಳ ದೊಡ್ಡ ಹೆಸರು. ರಾಮಗಿರಿಯಂಥ ಬಯಲುಸೀಮೆಯ ಊರಿನವರಿಗೆ ಹಡಗಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮಗೆ ದೋಣಿ ನೋಡಬೇಕೆಂದರೆ ಸೂಳೆಕೆರೆಗೋ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೋ ಹೋಗಬೇಕು. ಆದರೆ ಫ್ರೂಡ್ ಅವರ ಒಂದು ಕೆಲಸದ ಫಲವನ್ನು ನಾವೆಲ್ಲ ರೈಲಿನಲ್ಲಿ ಕುಳಿತು ಅನುಭವಿಸಿದ್ದೇವೆ. ಅದನ್ನು ಮುಂದೆ ಹೇಳುತ್ತೇನೆ.

ಅವರು ಹುಟ್ಟಿದ್ದು 1810ರ ನವೆಂಬರ್ 28ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್‌ನಲ್ಲಿ. ತಂದೆ ಪಾದ್ರಿ. ತಮ್ಮ ಜೇಮ್ಸ್ ಆಂಥೊನಿ ಮುಂದೆ ಹೆಸರಾಂತ ಇತಿಹಾಸಕಾರರಾದರು. ವಿಲಿಯಂ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ, 1832ರಲ್ಲಿ ಗಣಿತದಲ್ಲಿ ಪ್ರಥಮ ದರ್ಜೆ ಪಡೆದರು. ಆಮೇಲೆ ರೈಲು ಮಾರ್ಗದ ಕೆಲಸಕ್ಕೆ ಸೇರಿ, ಆ ಕಾಲದ ಮಹಾ ಎಂಜಿನಿಯರ್ ಬ್ರುನೆಲ್ ಅವರ ಕೈಕೆಳಗೆ ಬ್ರಿಸ್ಟಲ್-ಎಕ್ಸಿಟರ್ ಮಾರ್ಗದಲ್ಲಿ ದುಡಿದರು. ನೇರ ಹಳಿಯಿಂದ ತಿರುವಿಗೆ ಒಮ್ಮೆಲೇ ಹೊರಳಿದರೆ ಗಾಡಿ ಕುಲುಕುತ್ತದೆ. ನಡುವೆ ನಿಧಾನವಾಗಿ ಬಾಗುತ್ತ ಹೋಗುವ ಒಂದು ರೇಖೆ ಬೇಕು. ಆ ರೇಖೆಯನ್ನು ಲೆಕ್ಕ ಹಾಕಿ ಬಳಸಿದ ಮೊದಲಿಗರಲ್ಲಿ ಫ್ರೂಡ್ ಒಬ್ಬರು. ಭಾರತೀಯ ರೈಲ್ವೆಯ ತಿರುವುಗಳಲ್ಲಿ ಬಳಸುವ ಘನ ಪರವಲಯಕ್ಕೆ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇಂದಿಗೂ ಅವರ ಹೆಸರಿದೆ. ಚಿಕ್ಕಜಾಜೂರಿನಿಂದ ರಾಮಗಿರಿ ಮೇಲೆ ಬೀರೂರಿಗೆ ಹೋಗುವ ಗಾಡಿಯಲ್ಲಿ ತಿರುವು ಬಂದಾಗ ಕೈಯಲ್ಲಿನ ಚಹಾ ಚೆಲ್ಲದಿದ್ದರೆ ಅದರಲ್ಲಿ ಫ್ರೂಡ್ ಅವರ ಪಾಲೂ ಇದೆ.

1846ರಲ್ಲಿ, ಇನ್ನೂ 35ರ ವಯಸ್ಸಿನಲ್ಲಿ, ಅವರು ಪೂರ್ಣಾವಧಿ ಉದ್ಯೋಗ ಬಿಟ್ಟರು. ವಯಸ್ಸಾದ ತಂದೆಯನ್ನು ನೋಡಿಕೊಳ್ಳಬೇಕಿತ್ತು. ಆಮೇಲೆ ಸುಮಾರು ಹತ್ತು ವರ್ಷ ಅವರದು ಮನೆಯ ಕಾರ್ಖಾನೆಯಲ್ಲಿ ಏನಾದರೊಂದು ಮಾಡುತ್ತಿದ್ದ ಹಳ್ಳಿಯ ಮನುಷ್ಯನ ಬದುಕು. ಅವರನ್ನು ಮತ್ತೆ ಎಳೆದುತಂದದ್ದು ಬ್ರುನೆಲ್ ಅವರೇ. ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗು ಕಟ್ಟುತ್ತಿದ್ದ ಬ್ರುನೆಲ್, ಅಲೆಗಳ ಮೇಲೆ ಹಡಗು ಹೇಗೆ ಹೊಯ್ದಾಡುತ್ತದೆ ಎಂದು ಲೆಕ್ಕ ಹಾಕಿಕೊಡಲು ಹಳೆಯ ಸಹಾಯಕನನ್ನು ಕೇಳಿದರು. 1861ರಲ್ಲಿ ಫ್ರೂಡ್ ಆ ಬಗ್ಗೆ ಮಂಡಿಸಿದ ಪ್ರಬಂಧ ಅವರನ್ನು ನೌಕಾಶಿಲ್ಪಿಗಳ ಸಾಲಿಗೆ ತಂದಿತು. ಅಷ್ಟರಲ್ಲಿ ಬ್ರುನೆಲ್ ತೀರಿಕೊಂಡಿದ್ದರು.

ಅಲ್ಲಿಂದ ಅವರನ್ನು ಹಿಡಿದ ಪ್ರಶ್ನೆ ಬೇರೆ: ಹಡಗನ್ನು ನೀರು ಎಷ್ಟು ಬಲದಿಂದ ತಡೆಯುತ್ತದೆ? ಕಟ್ಟುವ ಮೊದಲೇ ಅದನ್ನು ತಿಳಿಯುವ ದಾರಿ ಇರಲಿಲ್ಲ. ಹಣ ಸುರಿದು ಕಟ್ಟಿದ ಮೇಲೆ ಹಡಗು ನಿಧಾನ ಎಂದು ಗೊತ್ತಾಗುತ್ತಿತ್ತು. ಫ್ರೂಡ್ 1867ರಲ್ಲಿ ಡಾರ್ಟ್ ನದಿಯಲ್ಲಿ ಚಿಕ್ಕ ಮಾದರಿಗಳನ್ನು ಎಳೆದು ನೋಡಿದರು. ಒಂದರ ತುದಿಗಳು ಚೂಪು, ಅದಕ್ಕೆ ಕಾಗೆಜಾತಿಯ ರೇವನ್ ಹಕ್ಕಿಯ ಹೆಸರು. ಇನ್ನೊಂದರ ತುದಿಗಳು ದುಂಡು, ಅದಕ್ಕೆ ಹಂಸದ ಹೆಸರು. 3, 6, 12 ಅಡಿಯ ಅಳತೆಗಳಲ್ಲಿ ಮಾಡಿದ್ದರು. ಚೂಪಾದದ್ದೇ ಯಾವಾಗಲೂ ಗೆಲ್ಲಬೇಕು ಎಂದು ನಮಗೆ ಅನ್ನಿಸುತ್ತದೆ. ಕಡಿಮೆ ವೇಗದಲ್ಲಿ ಹಾಗೇ ಆಯಿತು. ವೇಗ ಹೆಚ್ಚಿದಂತೆ ಹಂಸವೇ ಹಗುರವಾಗಿ ಸಾಗಿತು.

ದೊಡ್ಡವರು ಒಪ್ಪಲಿಲ್ಲ. ಪ್ರಸಿದ್ಧ ಹಡಗು ವಿನ್ಯಾಸಕಾರ ಸ್ಕಾಟ್ ರಸೆಲ್ ಅವರ ಪಾಲಿಗೆ ಇದೆಲ್ಲ ಆಟಿಕೆಯ ಪ್ರಯೋಗ. ಬ್ರಿಟಿಷ್ ಅಸೋಸಿಯೇಷನ್ ನೇಮಿಸಿದ ಸಮಿತಿಯೂ ನಿಜವಾದ ಹಡಗುಗಳ ಮೇಲೆಯೇ ಪರೀಕ್ಷೆ ನಡೆಯಬೇಕೆಂದು ಬರೆಯಿತು. ಅದೇ ಸಮಿತಿಯ ಸದಸ್ಯರಾಗಿದ್ದ ಫ್ರೂಡ್ ಭಿನ್ನಮತ ದಾಖಲಿಸಿದರು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಮಾತ್ರ ಅವರ ಬೆನ್ನಿಗೆ ನಿಂತರು. 1870ರಲ್ಲಿ 2000 ಪೌಂಡ್ ಮಂಜೂರಾಯಿತು. ತಮ್ಮ ದುಡಿಮೆಗೆ ಫ್ರೂಡ್ ಸಂಬಳ ಕೇಳಲಿಲ್ಲ.

ಟಾರ್ಕಿ ಊರಿನಲ್ಲಿ ತಮ್ಮ ಮನೆಯ ಪಕ್ಕದಲ್ಲೇ ಸುಮಾರು 85 ಮೀಟರ್ ಉದ್ದದ ನೀರಿನ ತೊಟ್ಟಿ ಕಟ್ಟಿಸಿದರು. ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯ ಕೆಳಗೆ ಪ್ಯಾರಾಫಿನ್ ಮೇಣದ ಮಾದರಿ. ಮೇಣವೇ ಏಕೆಂದರೆ ಕೆತ್ತುವುದು ಸುಲಭ, ಕೆಟ್ಟರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. 1872ರಲ್ಲಿ ಕೆಲಸ ಶುರುವಾಯಿತು. ಲ್ಯಾಬಿನಲ್ಲಿ ಸಲಕರಣೆ ಇಲ್ಲವೆಂದು ಗೊಣಗುವ ನಾವು ಆ ಮೇಣದ ಮಾದರಿಗಳನ್ನು ಒಮ್ಮೆ ನೆನೆಯಬಹುದು.

ಅಲ್ಲಿ ಗಟ್ಟಿಯಾದ ವಿಚಾರ ಇದು. ಹಡಗನ್ನು ತಡೆಯುವುದು ಎರಡು ಬೇರೆ ಸಂಗತಿಗಳು: ಒಂದು ನೀರಿನ ಘರ್ಷಣೆ, ಇನ್ನೊಂದು ಹಡಗೇ ಎಬ್ಬಿಸುವ ಅಲೆ. ಎರಡಕ್ಕೂ ಬೇರೆ ಬೇರೆ ಲೆಕ್ಕ. ಘರ್ಷಣೆಗಾಗಿ ಅವರು ಉದ್ದುದ್ದ ಹಲಗೆಗಳಿಗೆ ವಾರ್ನಿಷ್, ಬಟ್ಟೆ, ಮರಳು ಅಂಟಿಸಿ ಎಳೆದು ಅಳೆದರು. ಅಲೆಯ ಲೆಕ್ಕ ವೇಗ ಮತ್ತು ಉದ್ದವನ್ನು ಅವಲಂಬಿಸಿದೆ. ಮಾದರಿ ಹಡಗಿಗಿಂತ 16 ಪಟ್ಟು ಚಿಕ್ಕದಾದರೆ ಅದನ್ನು 4 ಪಟ್ಟು ಕಡಿಮೆ ವೇಗದಲ್ಲಿ ಓಡಿಸಬೇಕು. ಆಗ ಎರಡರ ಅಲೆಗಳೂ ಒಂದೇ ಆಕಾರದಲ್ಲಿ ಏಳುತ್ತವೆ. ಗುರುತ್ವ ವೇಗೋತ್ಕರ್ಷವನ್ನು ಉದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ವೇಗವನ್ನು ಭಾಗಿಸಿದರೆ ಬರುವ ಸಂಖ್ಯೆಯೇ ಫ್ರೂಡ್ ಸಂಖ್ಯೆ. ಫ್ರಾನ್ಸಿನ ರೀಚ್ ಇದೇ ನಿಯಮವನ್ನು ಮೊದಲೇ ಕಂಡಿದ್ದರು. ಅಳೆದು ತೋರಿಸಿದವರ ಹೆಸರು ಉಳಿಯಿತು. ಗ್ರೇಹೌಂಡ್ ಎಂಬ ನಿಜವಾದ ಯುದ್ಧನೌಕೆಯನ್ನು ಸಮುದ್ರದಲ್ಲಿ ಎಳೆಸಿ ಪಡೆದ ಅಂಕಿಗಳು ಮಾದರಿಯ ಲೆಕ್ಕಕ್ಕೆ ಹೊಂದಿದಾಗ ವಾದ ಮುಗಿಯಿತು.

ನನಗೆ ಫ್ರೂಡ್ ಬೇಕಾದದ್ದು ಒಂದು ಪುಟ್ಟ ದೋಣಿಯ ಸಲುವಾಗಿ. ನನ್ನ ಮಾಮ ಗಂಗೊಳ್ಳಿಯಲ್ಲಿ ಮದುವೆಯಾಗಿ ಅಲ್ಲೇ ನೆಲೆಸಿದ್ದಾರೆ. ಅವರದು 15 ಅಡಿಯ ಫೈಬರ್ ದೋಣಿ, ಹಿಂದೆ 15 ಅಶ್ವಶಕ್ತಿಯ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್. ಇಬ್ಬರಿದ್ದರೆ ದೋಣಿ ನೀರಿನ ಮೇಲೆ ಎದ್ದು ಜಾರಿಕೊಂಡು ಓಡುತ್ತದೆ. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಬಲೆ, ಐಸ್ ಪೆಟ್ಟಿಗೆ, ಮೂರನೆಯ ಆಳು ಸೇರಿದರೆ ಮೂತಿ ಆಕಾಶಕ್ಕೆ, ಹಿಂಬದಿ ನೀರಿಗೆ. ಎಂಜಿನ್ ಎಷ್ಟು ಚೀರಿದರೂ ವೇಗ ಏರದು. ಸೀಮೆಎಣ್ಣೆ ಮಾತ್ರ ಖಾಲಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅಳಿವೆಬಾಯಿಯಲ್ಲಿ ಎತ್ತಿದ ಮೂತಿಯ ಆಚೆ ಬರುವ ಅಲೆ ಕಾಣುವುದಿಲ್ಲ.

ಇದು ಫ್ರೂಡ್ ಲೆಕ್ಕದಲ್ಲಿ ಸ್ಪಷ್ಟವಾಗಿ ಕೂರುತ್ತದೆ. ದೋಣಿ ಎಬ್ಬಿಸುವ ಅಲೆಯ ಉದ್ದ ವೇಗದ ವರ್ಗದಂತೆ ಬೆಳೆಯುತ್ತದೆ. 15 ಅಡಿ, ಅಂದರೆ ಸುಮಾರು ನಾಲ್ಕೂವರೆ ಮೀಟರಿನ ದೋಣಿಗೆ ಗಂಟೆಗೆ ಒಂಬತ್ತೂವರೆ ಕಿಲೋಮೀಟರ್ ಹತ್ತಿರ ಅಲೆಯ ಉದ್ದವೂ ದೋಣಿಯ ಉದ್ದವೂ ಸಮವಾಗುತ್ತವೆ. ಅದಕ್ಕಿಂತ ವೇಗ ಹೋದರೆ ಹಿಂದಿನ ಅಲೆಯ ಆಸರೆ ತಪ್ಪಿ ಹಿಂಬದಿ ತಗ್ಗಿಗೆ ಇಳಿಯುತ್ತದೆ. ಆಗ ದೋಣಿ ತಾನೇ ಎಬ್ಬಿಸಿದ ಅಲೆಯೆಂಬ ದಿಬ್ಬವನ್ನು ಹತ್ತಬೇಕು. ಸಂಖ್ಯೆ 1ರ ಸುತ್ತ, ಅಂದರೆ ಗಂಟೆಗೆ ಸುಮಾರು 24 ಕಿಲೋಮೀಟರಿಗೆ, ದಿಬ್ಬ ಹಿಂದೆ ಉಳಿಯುತ್ತದೆ. ಮಾಮನ ಫೋನಿನಲ್ಲಿ ನೋಡಿದರೆ ದೋಣಿ ಸಿಕ್ಕಿಬೀಳುತ್ತಿದ್ದದ್ದು 13ರಲ್ಲಿ, ಸರಿಯಾಗಿ ಏರಿನ ನಡುವೆ.

ಆಶ್ಚರ್ಯವೆಂದರೆ ಪ್ಲೇನಿಂಗ್ ಪ್ರಶ್ನೆ ಫ್ರೂಡ್ ಅವರ ತೊಟ್ಟಿಗೇ ಬಂದಿತ್ತು. ಸಸೆಕ್ಸ್‌ನ ಪಾದ್ರಿ ರೇಮಸ್, ತಳದಲ್ಲಿ ಮೆಟ್ಟಿಲಿನಂತೆ ಇಳಿಜಾರುಗಳಿರುವ ಹಡಗು ಮಾಡಿದರೆ ಅದು ನೀರಿನ ಮೇಲೆ ಎದ್ದು ಹಾರಿದಂತೆ ಓಡುತ್ತದೆ ಎಂದು 1872ರಲ್ಲಿ ನೌಕಾಪಡೆಗೆ ಬರೆದರು. ನೌಕಾಪಡೆ ಅದನ್ನು ಟಾರ್ಕಿಗೆ ಕಳಿಸಿತು. ತಮ್ಮನ್ನು ಗೇಲಿ ಮಾಡಿದವರಂತೆ ಫ್ರೂಡ್ ಇನ್ನೊಬ್ಬರನ್ನು ಗೇಲಿ ಮಾಡಲಿಲ್ಲ. ಮಾದರಿ ಮಾಡಿಸಿ ಎಳೆದು ನೋಡಿದರು. ಆ ಕಾಲದ ಹಬೆ ಎಂಜಿನ್ನು, ಬಾಯ್ಲರು, ಕಲ್ಲಿದ್ದಲು ಹೊತ್ತ ಹಡಗಿಗೆ ಅಷ್ಟು ವೇಗ ದಕ್ಕುವುದಿಲ್ಲ, ದಕ್ಕುವ ವೇಗದಲ್ಲಿ ಆ ಆಕಾರದಿಂದ ಲಾಭವಿಲ್ಲ ಎಂಬುದು ಅವರ ತೀರ್ಮಾನ. ಇಲ್ಲ ಎಂಬ ಉತ್ತರವೇ, ಆದರೆ ಕೊರತೆ ಎಲ್ಲಿದೆ ಎಂದು ತೋರಿಸುವ ಉತ್ತರ: ತೂಕಕ್ಕೆ ತಕ್ಕ ಶಕ್ತಿ ಇರಲಿಲ್ಲ. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಮಾರಲು ಶುರುಮಾಡಿದ ಔಟ್‌ಬೋರ್ಡ್ ಮೋಟಾರಿನ ತೂಕ ಸುಮಾರು 28 ಕೆ.ಜಿ., ಶಕ್ತಿ ಒಂದೂವರೆ ಅಶ್ವಶಕ್ತಿ. ಇಂದು 35ರಿಂದ 50 ಕೆ.ಜಿ.ಯಲ್ಲಿ 15 ಅಶ್ವಶಕ್ತಿ ಸಿಗುತ್ತದೆ. ರೇಮಸ್ ಅವರ ಕನಸು ಈಗ ಮೀನು ಹಿಡಿಯುವವರ ಕೈಯಲ್ಲಿದೆ.

ಮಾಮ ಹೊಸ ಎಂಜಿನ್ ಕೊಳ್ಳುವ ಯೋಚನೆಯಲ್ಲಿದ್ದರು. ರಜೆಯಲ್ಲಿ ಹೋದಾಗ ನಾವಿಬ್ಬರೂ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿದೆವು. ತಳದ ಹಲಗೆ ಎತ್ತಿ ನೋಡಿದರೆ ಕೆಳಗೆ ನೀರು ನಿಂತಿತ್ತು, ನಾಲ್ಕು ಬಕೆಟ್. ಹೊರಗಿನ ತಳದಲ್ಲಿ ಅಂಟಿದ್ದ ಚಿಪ್ಪುಗಳನ್ನು ಕೆರೆದೆವು. ಎಣ್ಣೆಯ ಕ್ಯಾನು ಮತ್ತು ಐಸ್ ಪೆಟ್ಟಿಗೆಯನ್ನು ಹಿಂದಿನಿಂದ ಮುಂದಕ್ಕೆ ಇಟ್ಟೆವು. ಎಂಜಿನ್ನಿನ ಕಾಲು ಹೊರಕ್ಕೆ ಚಾಚಿದ್ದರೆ ಪ್ರೊಪೆಲ್ಲರ್ ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ಅದರ ಪಿನ್ನನ್ನು ಒಂದು ತೂತು ಒಳಕ್ಕೆ ಸರಿಸಿದೆವು. ಕೊನೆಗೆ ಖರ್ಚಾದದ್ದು ಒಂದೇ ಬಾಬತ್ತಿಗೆ. ಹಳೆಯ ಪ್ರೊಪೆಲ್ಲರಿನ ಪಿಚ್ ಹೆಚ್ಚಾಗಿತ್ತು. ಭಾರಕ್ಕೆ ಎಂಜಿನ್ ತನ್ನ ಪೂರ್ತಿ ಸುತ್ತುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಘಾಟಿ ಹತ್ತುವಾಗ ಬಸ್ಸಿನ ಗೇರು ಇಳಿಸುವಂತೆ ಕಡಿಮೆ ಪಿಚ್ಚಿನದು ಹಾಕಿಸಿದೆವು. ತುದಿವೇಗ ಸ್ವಲ್ಪ ಕಡಿಮೆಯಾಗಿದೆ. ಆದರೆ ಮೂವರೂ ಸಾಮಾನೂ ಇದ್ದಾಗ ದೋಣಿ ದಿಬ್ಬ ದಾಟುತ್ತದೆ. ನಾಲ್ವರಾದರೆ ಈಗಲೂ ದಾಟುವುದಿಲ್ಲ. ಒಂದೊಂದು ಬದಲಾವಣೆಗೂ ವೇಗವನ್ನು ಮಾಮ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಫ್ರೂಡ್ ಯಾರೆಂದು ಅವರಿಗೆ ನಾನು ಹೇಳಿದ್ದು ಆಮೇಲೆ.

ಫ್ರೂಡ್ ಅವರ ಕೊನೆಯ ವರ್ಷಗಳು ಮನ್ನಣೆಯವು. 1876ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಪದಕ ಬಂತು. ಎಂಜಿನ್ನಿನ ಶಕ್ತಿಯನ್ನು ನೀರಿನ ತಡೆಯಿಂದಲೇ ಅಳೆಯುವ ಡೈನಮೋಮೀಟರ್ ಕೂಡ ಅವರದೇ. ಆದರೆ 1878ರಲ್ಲಿ ಪತ್ನಿ ಕ್ಯಾಥರೀನ್ ತೀರಿಕೊಂಡ ಮೇಲೆ ಅವರು ಕುಗ್ಗಿಹೋದರು. ವಿಶ್ರಾಂತಿಗೆಂದು ನೌಕಾಪಡೆ ತನ್ನ ಹಡಗಿನಲ್ಲೇ ಅತಿಥಿಯಾಗಿ ದಕ್ಷಿಣ ಆಫ್ರಿಕಕ್ಕೆ ಕರೆದೊಯ್ದಿತು. ಅಲ್ಲಿ ಕಾಯಿಲೆ ಬಿದ್ದು 1879ರ ಮೇ 4ರಂದು ಸೈಮನ್ಸ್‌ಟೌನಿನಲ್ಲಿ ತೀರಿಕೊಂಡರು. ನೌಕಾಪಡೆಯ ಗೌರವದೊಂದಿಗೆ ಅಲ್ಲೇ ಮಣ್ಣು ಮಾಡಿದರು. ತೊಟ್ಟಿಯ ಕೆಲಸವನ್ನು ಮಗ ರಾಬರ್ಟ್ ಎಡ್ಮಂಡ್ ಮುಂದುವರಿಸಿದರು. ಅಂಥ ತೊಟ್ಟಿಗಳು ಈಗ ನಮ್ಮಲ್ಲೂ ಇವೆ, ಮದ್ರಾಸ್ ಐಐಟಿಯಲ್ಲಿ ಒಂದು, ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ಇನ್ನೊಂದು.