ಕಾಸಿಲ್ಲದ ಮುನಿಸಿಪಾಲಿಟಿಗೆ ನೀರು ಕೊಟ್ಟ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಅಂದರೆ ಎಲ್ಲರ ಬಾಯಿಗೂ ಮೊದಲು ಬರೋದು ಕನ್ನಂಬಾಡಿ ಕಟ್ಟೆ. ಅದಕ್ಕೂ ಮುಂಚೆ, ದೂರದ ಒಂದು ಪೇಟೆಯ ನಲ್ಲಿಗೆ ಅವರು ನೀರು ತಂದ ಕಥೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ ಓದು ಸಾಗಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಆಗ ಸಿಂಧ್ ಕೂಡ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಅಲ್ಲಿ ಸಿಂಧೂ ನದಿಯ ದಡದಲ್ಲಿ ಸುಕ್ಕೂರು. ಕೆಂಡದಂಥ ಬಿಸಿಲಿನ ಊರು. 1889ರಲ್ಲೇ ನದಿ ದಾಟಿಸೋ ಭಾರಿ ರೈಲು ಸೇತುವೆ ಬಂದಿತ್ತು. ಜನಕ್ಕೆ ಕುಡಿಯೋಕೆ ಮಾತ್ರ ರಾಡಿ ನೀರು! ನೀರು ಸೋಸೋ ತೊಟ್ಟಿಗಳನ್ನು ಕಟ್ಟಿಸಲು ಮುನಿಸಿಪಾಲಿಟಿ ಬೊಕ್ಕಸದಲ್ಲಿ ಕಾಸಿಲ್ಲ.

ಇಂಥ ಊರಿಗೆ ವಿಶ್ವೇಶ್ವರಯ್ಯನವರ ವರ್ಗವಾಯಿತು. ದುಡ್ಡು ಬರಲಿ ಆಮೇಲೆ ನೋಡೋಣ ಅಂತ ಅವರು ಕಡತ ಕಟ್ಟಿಡಲಿಲ್ಲ. ದಡದ ಪಕ್ಕದಲ್ಲೇ ನದಿಯ ಪಾತ್ರದಲ್ಲಿ ಬಾವಿ ಇಳಿಸಿದರು. ಬಾವಿಯಿಂದ ಹೊಳೆಯ ಅಡಿಗೆ ಸುರಂಗ ತೋಡಿಸಿದರು. ರಾಡಿ ನೀರು ಮರಳಿನಲ್ಲಿ ಇಳಿಯುವಾಗ ಮಣ್ಣೆಲ್ಲ ಮರಳಿನಲ್ಲೇ ನಿಂತಿತು. ಬಾವಿಗೆ ಒಸರಿದ್ದು ತಿಳಿನೀರು. ಅದನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಊರಿಗೆ ಬಿಟ್ಟರು. 1895ರ ಹೊತ್ತಿಗೆ ಕೆಲಸ ಮುಗಿದಿತ್ತು. ಸೋಸೋ ತೊಟ್ಟಿಯ ಖರ್ಚು ಉಳೀತು.

ಬೇಸಿಗೆಯಲ್ಲಿ ನಮ್ಮ ಕಡೆ ಹೆಂಗಸರು ಹೊಳೆ ಮರಳು ಬಗೆದು ಒರತೆ ನೀರು ಮೊಗೆದುಕೊಳ್ತಾರಲ್ಲ, ಲೆಕ್ಕ ಅದೇ. ಅದನ್ನೇ ಒಂದು ಊರಿಗೆ ಸಾಲುವಷ್ಟು ದೊಡ್ಡದು ಮಾಡಿದ್ದು ಎಂಜಿನಿಯರರ ಬುದ್ಧಿ.

ಮುಂದೆ ಏಡನ್ ಬಂದರಿನ ನೀರಿನ ಯೋಜನೆಗೂ ಅವರನ್ನೇ ಕಳಿಸಿದರು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು, 1955ರಲ್ಲಿ ಭಾರತರತ್ನ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ನೂರು ತುಂಬಿತ್ತು.

ಸೆಪ್ಟೆಂಬರ್ 15 ಬಂದರೆ ಊರೂರಲ್ಲೂ ಅವರ ಪಟಕ್ಕೆ ಹಾರ ಬೀಳುತ್ತೆ. ಅತ್ತ ಹೊಳೆಯ ಮರಳು ಲಾರಿ ಲಾರಿ ಹೊರಟುಹೋಗುತ್ತೆ. ಪುಕ್ಕಟೆ ನೀರು ಸೋಸಿಕೊಡೋ ಮರಳನ್ನೇ ಮಾರಿಕೊಂಡ ಮೇಲೆ, ಅನುದಾನ ಬಂದಿಲ್ಲ ಅಂತ ಪುರಸಭೆ ಕೈಚೆಲ್ಲಿದರೆ ಆಯಿತೇ? ಸುಕ್ಕೂರಿಗೂ ಅನುದಾನ ಬಂದಿರಲಿಲ್ಲ, ನೀರು ಬಂದಿತ್ತು.