ಬೆರಳು ಸೊಟ್ಟಗಾದರೂ ಕುಂಚ ಬಿಡದ ರೆನ್ವಾರ್

ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಹುಟ್ಟಿದ್ದು 1841ರಲ್ಲಿ, ಲಿಮೋಜ್‌ನ ದರ್ಜಿ ಮನೆಯಲ್ಲಿ. ಹುಡುಗನಾಗಿದ್ದಾಗಲೇ ಪಿಂಗಾಣಿ ಮೇಲೆ ಚಿತ್ರ ಬರೀತಿದ್ರು. ಐವತ್ತರ ಹೊತ್ತಿಗೆ ರುಮಟಾಯ್ಡ್ ಸಂಧಿವಾತ ಹಿಡೀತು.

ಇದು ವಯಸ್ಸಾಗಿ ಕೀಲು ಸವೆಯೋ ಕಾಯಿಲೆ ಅಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ರೋಗಾಣು ಹೊಡೀಬೇಕಾದ ಬಿಳಿ ರಕ್ತಕಣಗಳೇ ಕೀಲಿನ ಒಳಪೊರೆ ಮೇಲೆ ಬೀಳ್ತವೆ. ಊದಿ ದಪ್ಪಗಾದ ಪೊರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತೆ. ಈಗ ಬೇಗ ತೋರಿಸಿದ್ರೆ ಈ ಹಾನಿ ತಡೆಯೋ ಮಾತ್ರೆಗಳಿವೆ. ಅವರ ಕಾಲದಲ್ಲಿ ಕಾರಣವೇ ಗೊತ್ತಿರಲಿಲ್ಲ. ಈ ಕಾಯಿಲೆಗೆ ಕಾರ್ಟಿಸೋನ್ ಕೊಟ್ಟು ನೋಡಿದ್ದೇ 1948ರಲ್ಲಿ.

ಬಿಸಿಲು ಸಿಗಲಿ ಅಂತ 1907ರಲ್ಲಿ ದಕ್ಷಿಣದ ಕಾನ್ಯ್ ಊರಲ್ಲಿ ಆಲಿವ್ ತೋಟ ಕೊಂಡ್ರು. ಬೆರಳು ಅಂಗೈಗೆ ಮಡಚಿಕೊಂಡವು. ಕುಂಚವನ್ನ ಕೈಗೆ ಕಟ್ಟುತ್ತಿದ್ರು ಅನ್ನೋದು ಬರೀ ಕಥೆ. ಬಟ್ಟೆ ಸುತ್ತುತ್ತಿದ್ದದ್ದು ಚರ್ಮ ಕೀಳದಿರಲಿ ಅಂತ. ಬೆರಳ ಸಂದಿಗೆ ಯಾರಾದ್ರೂ ಕುಂಚ ಇಟ್ಟರೆ ಸಾಕಿತ್ತು. ಗಾಲಿಕುರ್ಚಿಯಲ್ಲೇ ಕೂತು, 1919ರ ಡಿಸೆಂಬರಲ್ಲಿ ತೀರಿಕೊಳ್ಳೋವರೆಗೂ ಬರೆದ್ರು.