ಸಂತ ಜೋಸೆಫ್ ವಾಜ್ ಅವರ ಜೀವನ ಚರಿತ್ರೆ ಮತ್ತು ರಕ್ಷಣೆಯ ದಾರಿ

ಮುಡಿಪು ಗುಡ್ಡೆ ಹತ್ತಿ ಬರುವ ಭಕ್ತಾದಿಗಳು ಒಬ್ಬೊಬ್ಬರು ಒಂದೊಂದು ಬೇಡಿಕೆ ಹೊತ್ತು ಬರುತ್ತಾರೆ. ಮಗನಿಗೆ ಕೆಲಸ ಸಿಗಲಿ ಅಂತ ಕೆಲವರು, ಮಗಳಿಗೆ ಒಳ್ಳೆಯ ಸಂಬಂಧ ಕೂಡಿ ಬರಲಿ ಅಂತ ಕೆಲವರು, ಕಾಯಿಲೆ ವಾಸಿಯಾಗಲಿ, ಸಾಲ ತೀರಲಿ, ಮನೆಯಲ್ಲಿ ಸಮಾಧಾನ ಇರಲಿ ಅಂತ ಹಲವರು. ಇವೆಲ್ಲ ಬೇಡಬಾರದು ಅಂತಲ್ಲ. ದೇವರು ತಂದೆ, ಮಕ್ಕಳು ಕೇಳಲೇಬೇಕು. ಆದರೆ ಯಾವ ಸಂತರ ಹೆಸರಿನಲ್ಲಿ ಇಲ್ಲಿ ಮೊಂಬತ್ತಿ ಹಚ್ಚುತ್ತೇವೋ ಆ ಸಂತರು ತಮ್ಮ ಜೀವಮಾನವಿಡೀ ಒಂದೇ ಬೇಡಿಕೆಯ ಹಿಂದೆ ನಡೆದವರು. ಅದು ಆತ್ಮದ ರಕ್ಷಣೆ. ತನ್ನದು ಮಾತ್ರ ಅಲ್ಲ, ಗುರುಗಳಿಲ್ಲದೆ ಕೈಬಿಟ್ಟು ಹೋದ ಸಾವಿರಾರು ಜನರ ರಕ್ಷಣೆ.

ರಕ್ಷಣೆ ಅಂದರೆ ಏನು ಎಂದು ವಿವರಿಸುವ ದೊಡ್ಡ ದೊಡ್ಡ ಗ್ರಂಥಗಳಿವೆ. ಅವನ್ನು ಓದಲು ಎಲ್ಲರಿಗೂ ಪುರಸೊತ್ತು ಇರುವುದಿಲ್ಲ. ಆದರೆ ಜೋಸೆಫ್ ವಾಜ್ ಅವರ ಜೀವನವನ್ನು ಒಮ್ಮೆ ನೋಡಿದರೆ ಸಾಕು, ವಿಷಯ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಜನನ ಮತ್ತು ಬಾಲ್ಯ

ಜೋಸೆಫ್ ವಾಜ್ ಅವರು 1651ನೇ ಇಸವಿ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಂ ಎಂಬ ಊರಿನಲ್ಲಿ ಹುಟ್ಟಿದರು. ಅದು ತಾಯಿಯ ಊರು. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕ್ವಾಳ್ ಊರಿನವರು, ತಾಯಿ ಮರಿಯ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಹುಟ್ಟಿದ ಎಂಟನೇ ದಿನ ಬೆನಾವ್ಲಿಮಿನ ಇಗರ್ಜಿಯಲ್ಲಿ ದೀಕ್ಷಾಸ್ನಾನ ಆಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಎಂಟು ದಿನದ ಕೂಸು ಏನು ಸಾಧನೆ ಮಾಡಿರುತ್ತದೆ? ಯಾವ ಪುಣ್ಯ ಗಳಿಸಿರುತ್ತದೆ? ಏನೂ ಇಲ್ಲ. ಆದರೂ ಧರ್ಮಸಭೆ ಆ ಕೂಸನ್ನು ದೇವರ ಮಗು ಎಂದು ಸ್ವೀಕರಿಸುತ್ತದೆ. ಯಾಕೆಂದರೆ ರಕ್ಷಣೆ ನಮ್ಮ ದುಡಿಮೆಯ ಸಂಬಳವಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟು ಗಳಿಸಿದ್ದನ್ನು ದೇವರು ನಮಗೆ ದಾನವಾಗಿ ಕೊಡುತ್ತಾರೆ. ಇದನ್ನೇ ಕೃಪೆ ಅನ್ನುವುದು. ನಮ್ಮ ಕೆಲಸ ಅದನ್ನು ವಿಶ್ವಾಸದಿಂದ ಕೈಚಾಚಿ ತೆಗೆದುಕೊಳ್ಳುವುದು, ಆಮೇಲೆ ಕೆಡಿಸಿಕೊಳ್ಳದೆ ಬಾಳುವುದು.

ಬಾಲಕ ಜೋಸೆಫ್ ಸಾಂಕ್ವಾಳಿನಲ್ಲಿ ಪೋರ್ಚುಗೀಸ್ ಭಾಷೆ, ಬೆನಾವ್ಲಿಮಿನಲ್ಲಿ ಲತೀನ್ ಕಲಿತರು. ಮುಂದೆ ಗೋವಾ ಪಟ್ಟಣದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, ದೊಮಿನಿಕ ಸಭೆಯವರಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಮುಗಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆ ಆದ ಮೇಲೆ ಬಡವರಂತೆ ಬರಿಗಾಲಲ್ಲಿ ನಡೆಯಲು ಶುರು ಮಾಡಿದರು. ಮುಂದೆ ಇಡೀ ಸಿಂಹಳ ದ್ವೀಪ ಅವರ ಆ ಬರಿಗಾಲನ್ನು ನೋಡಿತು.

1677ರಲ್ಲಿ ಮಾತೆ ಮರಿಯಮ್ಮನವರಿಗೆ ತಾನು ಜೀವಮಾನವಿಡೀ ದಾಸ ಎಂದು ಒಂದು ಪತ್ರ ಬರೆದು ಒಪ್ಪಿಸಿಕೊಂಡರು. ಆ ಕಾಲದಲ್ಲಿ ಸಂತೆಯಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ದಾಸ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಪದ ಬರೆದರು.

ಕೆನರಾ ಪ್ರಾಂತ್ಯದಲ್ಲಿ ಮೂರು ವರ್ಷ

1681ರಲ್ಲಿ ಫಾದರ್ ಜೋಸೆಫ್ ವಾಜ್ ಅವರನ್ನು ಕೆನರಾ ಪ್ರಾಂತ್ಯದ ಮುಖ್ಯಸ್ಥರನ್ನಾಗಿ ಕಳುಹಿಸಲಾಯಿತು. ಆಗ ಕರಾವಳಿ ಕೆಳದಿ ರಾಜ್ಯಕ್ಕೆ ಸೇರಿತ್ತು. ರಾಣಿ ಚೆನ್ನಮ್ಮ ಆಳುತ್ತಿದ್ದ ಕಾಲ. ಮಂಗಳೂರು, ಬಸ್ರೂರು, ಬಾರ್ಕೂರು, ಕಲ್ಯಾಣಪುರ ಕಡೆಗಳಲ್ಲಿ ಕ್ರೈಸ್ತರು ಚದುರಿ ಹೋಗಿದ್ದರು. ಇಗರ್ಜಿಗಳು ಹಾಳುಬಿದ್ದಿದ್ದವು, ಗುರುಗಳು ಬಹಳ ಕಡಿಮೆ.

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಈ ಸೀಮೆಯ ಮೇಲೆ ಅಧಿಕಾರ ಯಾರದ್ದು ಎಂದು ಗೋವಾದವರಿಗೂ ರೋಮಾಪುರಿಯಿಂದ ನೇಮಕವಾಗಿ ಬಂದಿದ್ದ ಬಿಷಪ್ ತೋಮಸ್ ಕಾಸ್ತ್ರು ಅವರಿಗೂ ತಕರಾರು ನಡೆಯುತ್ತಿತ್ತು. ಜನ ಎರಡು ಪಂಗಡವಾಗಿದ್ದರು. ಇವರ ಹತ್ತಿರ ಪಾಪನಿವೇದನೆ ಮಾಡಿದರೆ ಸಲ್ಲುತ್ತದೋ, ಅವರ ಹತ್ತಿರ ಮಾಡಿದರೆ ಸಲ್ಲುತ್ತದೋ ಎಂದು ಬಡ ಜನ ಗೊಂದಲದಲ್ಲಿದ್ದರು. ದೊಡ್ಡವರ ಜಗಳದಲ್ಲಿ ಚಿಕ್ಕವರ ಆತ್ಮ ಸೊರಗಿತ್ತು.

ಫಾದರ್ ವಾಜ್ ಗೋವಾದ ಕಡೆಯಿಂದ ಬಂದವರು. ಆದರೂ ಬಿಷಪರನ್ನು ಗೌರವದಿಂದಲೇ ಕಂಡರು. ಜಗಳಕ್ಕೆ ತುಪ್ಪ ಸುರಿಯದೆ ತಮ್ಮ ಕೆಲಸ ನೋಡಿಕೊಂಡರು. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಕಟ್ಟಿದರು, ಸೆರೆಸಿಕ್ಕಿ ದಾಸರಾಗಿದ್ದವರನ್ನು ಹಣ ಕೊಟ್ಟು ಬಿಡಿಸಿದರು. ಬಿಡುಗಡೆ ಅನ್ನುವ ಪದವನ್ನು ಅವರು ಪ್ರಸಂಗದಲ್ಲಿ ಮಾತ್ರ ಹೇಳಲಿಲ್ಲ, ಕೈಯಿಂದಲೂ ಮಾಡಿ ತೋರಿಸಿದರು.

ಅವರು ಈ ಗುಡ್ಡೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದ ಜಾಗದಲ್ಲಿ ನೀರಿನ ಒರತೆ ಹುಟ್ಟಿತು ಎಂದು ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಯಾತ್ರಿಕರು ಭಕ್ತಿಯಿಂದ ಆ ನೀರನ್ನು ಕುಡಿಯುತ್ತಾರೆ, ಮನೆಗೂ ಕೊಂಡುಹೋಗುತ್ತಾರೆ.

ಸಿಂಹಳದ ಕರೆ

1684ರಲ್ಲಿ ಫಾದರ್ ವಾಜ್ ಗೋವಾಕ್ಕೆ ಹಿಂತಿರುಗಿದರು. ಆ ಕಾಲದಲ್ಲಿ ದೇಶೀಯ ಗುರುಗಳನ್ನು ಯುರೋಪಿನ ಸನ್ಯಾಸಿ ಸಭೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಹಳೇ ಗೋವಾದ ಪವಾಡ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಗೋವಾ ಗುರುಗಳು ಒಟ್ಟಾಗಿ ಬಾಳುತ್ತಿದ್ದರು. 1685ರಲ್ಲಿ ಫಾದರ್ ವಾಜ್ ಅವರನ್ನು ಸೇರಿ, ಅವರ ಮುಖ್ಯಸ್ಥರಾಗಿ, ಸಂತ ಫಿಲಿಪ್ ನೇರಿಯವರ ಒರೆಟರಿ ಸಭೆಯ ನಿಯಮದಂತೆ ಆ ಮನೆಯನ್ನು ನಡೆಸಿದರು.

ಅಲ್ಲೇ ಉಳಿದಿದ್ದರೆ ಅವರ ಜೀವನ ಗೌರವದಿಂದ, ನೆಮ್ಮದಿಯಿಂದ ಕಳೆಯುತ್ತಿತ್ತು. ಆದರೆ ಒಂದು ಸುದ್ದಿ ಅವರ ನಿದ್ದೆ ಕೆಡಿಸಿತ್ತು. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಸಿಂಹಳ ದ್ವೀಪದಿಂದ ಕಥೊಲಿಕ ಗುರುಗಳನ್ನೆಲ್ಲ ಹೊರಗೆ ಹಾಕಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆ. ಸುಮಾರು ಮೂವತ್ತು ವರ್ಷದಿಂದ ಅಲ್ಲಿಯ ವಿಶ್ವಾಸಿಗಳಿಗೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಸಾಯುವವರ ತಲೆದೆಸೆಯಲ್ಲಿ ಕ್ಷಮೆಯ ಮಾತು ಹೇಳುವವರಿಲ್ಲ.

ದೇವರು ಬಯಸಿದರೆ ಗುರುಗಳಿಲ್ಲದೆಯೂ ಕಾಪಾಡಬಲ್ಲರು. ಇದು ಫಾದರ್ ವಾಜ್ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಸಿದವನಿಗೆ ದೇವರು ಅನ್ನ ಕೊಡುತ್ತಾರೆ ಎಂದು ಹೇಳಿ ನಮ್ಮ ಮನೆಯ ಬಾಗಿಲು ಮುಚ್ಚುವುದು ಸರಿಯೇ? ತಟ್ಟೆಯಲ್ಲಿ ಅನ್ನ ಇರುವವನು ಎದ್ದು ಹೋಗಿ ಬಡಿಸಬೇಕು. ಅವರು ಎದ್ದು ಹೊರಟರು.

ಭಿಕ್ಷುಕನ ವೇಷ

1686ರಲ್ಲಿ ಗೋವಾ ಬಿಟ್ಟರು. ಜೊತೆಗೆ ಜುವಾಂವ್ ಎಂಬ ಸೇವಕ ಇದ್ದ. ಕೆನರಾ, ಮಲಬಾರ್ ದಾಟಿ ತೂತುಕುಡಿ ತಲುಪಿದರು. ಗುರುವಿನ ನಿಲುವಂಗಿ ತೆಗೆದು ಕೂಲಿಯಾಳಿನಂತೆ ಬಟ್ಟೆ ಉಟ್ಟುಕೊಂಡು 1687ರಲ್ಲಿ ಹಡಗು ಹತ್ತಿದರು. ಸಮುದ್ರದಲ್ಲಿ ಬಿರುಗಾಳಿ ಸಿಕ್ಕಿತು. ಜಾಫ್ನಾ ಸೇರುವಷ್ಟರಲ್ಲಿ ಆಮಶಂಕೆಯಿಂದ ಸಾಯುವ ಸ್ಥಿತಿಯಲ್ಲಿದ್ದರು. ಅಂಟುರೋಗ ಎಂದು ಹೆದರಿ ಜನ ಅವರನ್ನು ಊರ ಹೊರಗೆ ಇಟ್ಟರು. ಕರುಣೆಯುಳ್ಳ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಜೀವ ಉಳಿಸಿದರು ಎಂದು ಹೇಳುತ್ತಾರೆ. ಆತ್ಮಗಳನ್ನು ರಕ್ಷಿಸಲು ಬಂದವರು ಮೊದಲು ಇನ್ನೊಬ್ಬರ ದಯೆಯಿಂದ ಬದುಕಿದರು. ನಾನೇ ಕೊಡುವವನು ಎಂಬ ಹಮ್ಮು ಅಲ್ಲಿಗೇ ಕರಗಿತು.

ಗುಣವಾದ ಮೇಲೆ ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ನೆಪ ಮಾತ್ರ. ಜಪಮಾಲೆ ನೋಡಿ ಯಾರ ಮುಖ ಬದಲಾಗುತ್ತದೆ ಎಂದು ಗಮನಿಸುತ್ತಿದ್ದರು. ಹೀಗೆ ಒಬ್ಬೊಬ್ಬರಾಗಿ ಗುಪ್ತ ವಿಶ್ವಾಸಿಗಳು ಸಿಕ್ಕಿದರು. ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ಆಶ್ರಯ ಸಿಕ್ಕಿತು. ರಾತ್ರಿ ಹೊತ್ತು ಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ. ಬೆಳಕು ಹರಿಯುವ ಮೊದಲು ಬೇರೆ ಮನೆ.

1689ರ ಕ್ರಿಸ್ಮಸ್ ರಾತ್ರಿ ಡಚ್ ಸಿಪಾಯಿಗಳು ದಾಳಿ ಮಾಡಿದರು. ಪೂಜೆಗೆ ಸೇರಿದ್ದ ಬಹಳ ಜನ ಸೆರೆ ಸಿಕ್ಕಿದರು. ಮುಖಂಡರಿಗೆ ಚಡಿಯೇಟು, ದಂಡ, ಸೆರೆವಾಸ ಆಯಿತು. ಫಾದರ್ ವಾಜ್ ಮಾತ್ರ ಸಿಗಲಿಲ್ಲ. ತನ್ನಿಂದಾಗಿ ಇತರರು ಏಟು ತಿಂದರಲ್ಲ ಎಂಬ ನೋವು ಸಣ್ಣದೇ? ಆದರೆ ಆ ಜನ ತಮ್ಮ ಗುರುವನ್ನು ಹಿಡಿದುಕೊಡಲಿಲ್ಲ, ವಿಶ್ವಾಸವನ್ನೂ ಬಿಡಲಿಲ್ಲ. ಸುಲಭವಾಗಿ ಬಂದ ದಾನವೇ ಆದರೂ ರಕ್ಷಣೆಯನ್ನು ಉಳಿಸಿಕೊಳ್ಳಲು ಕೆಲವೊಮ್ಮೆ ಬೆನ್ನು ಕೊಡಬೇಕಾಗುತ್ತದೆ ಎಂದು ಜಾಫ್ನಾದ ಬಡವರು ತೋರಿಸಿಕೊಟ್ಟರು.

ಸೆರೆಮನೆಯಲ್ಲಿ ಪೂಜೆಯ ಪೀಠ

ಜಾಫ್ನಾದಲ್ಲಿ ಇರುವುದು ಕಷ್ಟವಾದಾಗ ಫಾದರ್ ವಾಜ್ ಪುತ್ತಳಂ ಕಡೆ ಹೋಗಿ, 1692ರಲ್ಲಿ ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯ ಸೇರಿದರು. ಅಲ್ಲಿ ಡಚ್ಚರ ಆಳ್ವಿಕೆ ಇರಲಿಲ್ಲ, ಬೌದ್ಧ ಧರ್ಮದ ರಾಜ ಎರಡನೇ ವಿಮಲಧರ್ಮಸೂರ್ಯ ಆಳುತ್ತಿದ್ದ. ಆದರೆ ಇವರು ಪೋರ್ಚುಗೀಸರ ಗೂಢಚಾರ ಎಂದು ಚಾಡಿ ಹೇಳಿದವರಿದ್ದರು. ಊರು ಮುಟ್ಟಿದ ಕೂಡಲೇ ಸೆರೆಮನೆ.

ದೂರ ಬಂದದ್ದೆಲ್ಲ ವ್ಯರ್ಥವಾಯಿತು ಎಂದು ಬೇರೆ ಯಾರಾದರೂ ಕಂಗೆಡುತ್ತಿದ್ದರು. ಅವರು ಸೆರೆಯಲ್ಲೇ ಕೂತು ಸಿಂಹಳ ಭಾಷೆ ಕಲಿತರು. ಕಾವಲು ಸ್ವಲ್ಪ ಸಡಿಲವಾದಾಗ ಅಲ್ಲೇ ಒಂದು ಗುಡಿಸಲು ಕಟ್ಟಿ ಬಲಿಪೂಜೆ ಅರ್ಪಿಸಿದರು. ಕ್ಯಾಂಡಿಯ ವಿಶ್ವಾಸಿಗಳು ಒಬ್ಬೊಬ್ಬರಾಗಿ ಸೆರೆಮನೆಗೇ ಬರತೊಡಗಿದರು. ಗುರು ಜನರ ಹತ್ತಿರ ಹೋಗಲಾರದೆ ಇದ್ದಾಗ ಜನರೇ ಗುರುವಿನ ಹತ್ತಿರ ಬಂದರು.

ಒಂದು ವರ್ಷ ಮಳೆ ಬರಲಿಲ್ಲ. ಬೆಳೆ ಒಣಗಿತು. ರಾಜನ ಕಡೆಯಿಂದ ಪ್ರಾರ್ಥನೆಗೆ ಕೋರಿಕೆ ಬಂತು. ಫಾದರ್ ವಾಜ್ ಬಯಲಿನಲ್ಲಿ ಪೀಠ ಇಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಜೋರಾಗಿ ಮಳೆ ಸುರಿಯಿತು, ಪೀಠವೂ ಅವರೂ ಮಾತ್ರ ನೆನೆಯಲಿಲ್ಲ ಎಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಮುಂದೆ ರಾಜನ ವಿಶ್ವಾಸ ಗಳಿಸಿದರು. ರಾಜ ಬೌದ್ಧನಾಗಿಯೇ ಉಳಿದ, ಆದರೂ ಗುರುವಿಗೆ ತನ್ನ ರಾಜ್ಯದಲ್ಲಿ ಓಡಾಡಲು ಅಪ್ಪಣೆ ಕೊಟ್ಟ.

ಸಿಡುಬಿನ ಕಾಲ

ಮಳೆಯ ಪವಾಡವನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ದೊಡ್ಡ ಪವಾಡ ಆಮೇಲೆ ನಡೆಯಿತು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಜನ ಮನೆ ಬಿಟ್ಟು ಓಡಿದರು. ಹೆತ್ತವರು ಮಕ್ಕಳನ್ನು, ಮಕ್ಕಳು ಹೆತ್ತವರನ್ನು ಬಿಟ್ಟು ಹೋದರು. ರೋಗಿಗಳು ಕಾಡಿನಲ್ಲಿ, ದಾರಿಯಲ್ಲಿ ಬಿದ್ದಿದ್ದರು.

ಆಗ ಫಾದರ್ ವಾಜ್, ಗುರು ಜೋಸೆಫ್ ಕಾರ್ವಾಲ್ಯೊ ಇಬ್ಬರೂ ಊರು ಬಿಡಲಿಲ್ಲ. ಗುಡಿಸಲು ಕಟ್ಟಿ ರೋಗಿಗಳನ್ನು ಹೊತ್ತು ತಂದರು. ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಕ್ರೈಸ್ತರೋ ಬೌದ್ಧರೋ ಎಂದು ಕೇಳಲಿಲ್ಲ. ಮುಟ್ಟಿದರೆ ಅಂಟುವ ರೋಗ ಅಂತ ಗೊತ್ತಿದ್ದೂ ಮುಟ್ಟಿದರು.

ವಿಶ್ವಾಸ ಇದ್ದರೆ ಸಾಕು, ಒಳ್ಳೆಯ ಕೆಲಸ ಯಾಕೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಕೆಲಸ ಮಾಡಿದರೆ ಸಾಕು, ದೇವರು ಯಾಕೆ ಎಂದು ಕೇಳುವವರೂ ಇದ್ದಾರೆ. ಸಿಡುಬಿನ ಗುಡಿಸಲಿನಲ್ಲಿ ಈ ಎರಡೂ ಪ್ರಶ್ನೆಗೆ ಉತ್ತರ ಇದೆ. ಬೇರು ಕಾಣುವುದಿಲ್ಲ, ಹಣ್ಣು ಕಾಣುತ್ತದೆ. ಬೇರಿಲ್ಲದೆ ಹಣ್ಣಿಲ್ಲ, ಹಣ್ಣು ಬಿಡದ ಮರ ಬೇರಿದ್ದೂ ಪ್ರಯೋಜನವಿಲ್ಲ. ಸ್ವರ್ಗದ ಲೆಕ್ಕಕ್ಕಾಗಿ ಅವರು ರೋಗಿಯನ್ನು ತೊಳೆಯಲಿಲ್ಲ. ತನ್ನನ್ನು ಒಬ್ಬರು ಪ್ರಾಣ ಕೊಟ್ಟು ತೊಳೆದಿದ್ದಾರೆ ಎಂದು ತಿಳಿದದ್ದರಿಂದ ತೊಳೆದರು.

ಕೊನೆಯ ದಿನಗಳು

ಮುಂದೆ ಗೋವಾದಿಂದ ಇನ್ನಷ್ಟು ಒರೆಟರಿ ಗುರುಗಳು ಬಂದರು. 1705ರಲ್ಲಿ ಬಂದ ಫಾದರ್ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಬಹಳ ಪುಸ್ತಕ ಬರೆದು ಪ್ರಸಿದ್ಧರಾದರು. ಫಾದರ್ ವಾಜ್ ಅವರಿಗೆ ದೊಡ್ಡ ಪದವಿಯ ಮಾತು ಬಂದಾಗ ಬೇಡವೆಂದರು. ಕಾಡು ಮೇಡು ಸುತ್ತಿ ಸುತ್ತಿ ದೇಹ ಸೋತಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ಪವಿತ್ರ ಸಂಸ್ಕಾರಗಳನ್ನು ಪಡೆದು ಪ್ರಾಣ ಬಿಟ್ಟರು. ಆಗ ಅವರಿಗೆ 59 ವರ್ಷ. ಹೊರಟ ಮೇಲೆ ಒಮ್ಮೆಯೂ ಗೋವಾಕ್ಕೆ ಮರಳಲಿಲ್ಲ.

ಸಾಯುವ ಸಮಯದಲ್ಲಿ ಸಂಗಡಿಗರು ಬುದ್ಧಿಮಾತು ಕೇಳಿದಾಗ ಅವರು ತಿಳಿಸಿದ ವಿಷಯ ಬಹಳ ಸರಳ. ಜೀವಮಾನವಿಡೀ ಅಸಡ್ಡೆ ಮಾಡಿದ್ದನ್ನು ಸಾಯುವ ಗಳಿಗೆಯಲ್ಲಿ ಮಾಡುವುದು ಸುಲಭವಲ್ಲ ಎಂಬುದೇ ಅದರ ಸಾರ. ಇಷ್ಟೆಲ್ಲ ಮಾಡಿದವರೇ ಇದನ್ನು ಹೇಳಿದ್ದರಿಂದ ಆ ಮಾತಿಗೆ ತೂಕ ಬಂದಿದೆ.

ಪೋಪ್ ಎರಡನೇ ಜಾನ್ ಪಾಲ್ ಅವರು 1995ರ ಜನವರಿ 21ರಂದು ಕೊಲಂಬೊದಲ್ಲಿ ಇವರನ್ನು ಪುನೀತರೆಂದು ಸಾರಿದರು. ಇಪ್ಪತ್ತು ವರ್ಷದ ನಂತರ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಅದೇ ಕೊಲಂಬೊದಲ್ಲಿ ಸಂತ ಪದವಿ ನೀಡಿದರು. ಅವರ ಹಬ್ಬ ಜನವರಿ 16.

ಯಾತ್ರಿಕರಿಗೆ

ಗುಡ್ಡೆ ಇಳಿಯುವ ಮೊದಲು ಸ್ವಲ್ಪ ಹೊತ್ತು ಮೌನವಾಗಿ ಕೂತುಕೊಳ್ಳಿ. ಹರಕೆ ಒಪ್ಪಿಸಿದ ಮೇಲೆ ಇನ್ನೊಂದು ವಿಷಯವನ್ನೂ ಕೇಳಿಕೊಳ್ಳಿ. ಎಷ್ಟು ವರ್ಷದಿಂದ ಪಾಪನಿವೇದನೆ ಮಾಡಿಲ್ಲ? ಯಾವ ಅಣ್ಣ ತಮ್ಮನೊಂದಿಗೆ ಮಾತು ಬಿಟ್ಟಿದೆ? ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರ ಹತ್ತಿರ ದಿನಕ್ಕೆ ಎಷ್ಟು ಹೊತ್ತು ಕೂರುತ್ತೇವೆ? ಸಿಂಹಳದ ಜನ ಒಬ್ಬ ಗುರುವಿಗಾಗಿ ಮೂವತ್ತು ವರ್ಷ ಕಾದರು. ನಮ್ಮೂರಿನ ಇಗರ್ಜಿಯ ಬಾಗಿಲು ತೆರೆದೇ ಇದೆ.

ದೇವರ ದಾನಕ್ಕೆ ವಯಸ್ಸು ಮೀರುವುದಿಲ್ಲ. ಶಿಲುಬೆಯ ಪಕ್ಕದಲ್ಲಿದ್ದ ಕಳ್ಳನಿಗೂ ಕೊನೆ ಗಳಿಗೆಯಲ್ಲಿ ಸಿಕ್ಕಿತು. ಆದರೆ ನಮ್ಮ ಕೊನೆ ಗಳಿಗೆ ಯಾವುದು ಎಂದು ನಮಗೆ ಗೊತ್ತಿಲ್ಲ. ಆದ್ದರಿಂದ ಇವತ್ತೇ ಶುರು ಮಾಡುವುದು ಒಳ್ಳೆಯದು. ಸಂತ ಜೋಸೆಫ್ ವಾಜ್ ಅವರ ಪ್ರಾರ್ಥನೆ ಎಲ್ಲ ಯಾತ್ರಿಕರ ಜೊತೆಗಿರಲಿ, ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ.